ಬಾಗಿಲಿಗೆ ಅಂಟಿಸಿದ ಚೀಟಿ

ಆರ್ಡಿಸ್ ನೈಗಾರ್ಡ್ ಎರಡನೆಯ ಸಲ ಡೆನ್ವರ್‌ಗೆ ಪರೀಕ್ಷೆಗೆ ಹೊರಟಾಗ ತಾಯಿ ಬಸ್ಸಿನ ತನಕ ಬಂದಿದ್ದಳು. ಈ ಸಲವೂ ಆಗದಿದ್ದರೆ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಟೈಪಿಂಗ್ ಕೆಲಸ ಖಾಲಿ ಇದೆ, ಮರೆಯಬೇಡ ಎಂದು ಕಿಟಕಿಯಿಂದಲೇ ಹೇಳಿದಳು. ಆರ್ಡಿಸ್‌ಗೆ ಆಗ ಹತ್ತೊಂಬತ್ತು. ಏಳು ತಿಂಗಳು ಅಡುಗೆಮನೆಯ ಮೇಜಿನ ಮೇಲೆ ಪ್ರಶ್ನೋತ್ತರದ ಪುಸ್ತಕ ಹರಡಿಕೊಂಡು ಅವಳು ಓದಿದ್ದಳು. ಅರ್ಥವಾದದ್ದು ಅರ್ಧ, ಬಾಯಿಪಾಠ ಮಾಡಿದ್ದು ಅರ್ಧ. ಡೆನ್ವರ್‌ನ ಸರ್ಕಾರಿ ಕಟ್ಟಡದ ಮೂರನೆಯ ಮಹಡಿಯಲ್ಲಿ ಇಪ್ಪತ್ತಮೂರು ಗಂಡಸರ ನಡುವೆ ಒಬ್ಬಳೇ ಹೆಣ್ಣಾಗಿ ಕುಳಿತು ಬರೆದು ಬಂದಳು. ಮೂರು ವಾರದ ಮೇಲೆ ಅಂಚೆಯಲ್ಲಿ ಲೈಸೆನ್ಸ್ ಬಂತು. ಮೊದಲ ದರ್ಜೆಯದು. ದೇಶದ ಯಾವ ರೇಡಿಯೊ ಕೇಂದ್ರವನ್ನಾದರೂ ನಡೆಸುವ ಅಧಿಕಾರ ಕೊಡುವಂಥದು.

ಅವಳಿಗಿಂತ ಹೆಚ್ಚು ಹಿಗ್ಗಿದವನು ಪ್ರೂಯೆಟ್. ಕ್ರೌಲಿ ಊರಿನ ರೇಡಿಯೊ ಕೇಂದ್ರ ಅವನದು. ಹದಿನೇಳನೆಯ ವಯಸ್ಸಿನಲ್ಲಿ ಆರ್ಡಿಸ್ ಅಲ್ಲಿ ಜಾಹೀರಾತು ಟೈಪ್ ಮಾಡಲು ಸೇರಿದ್ದಳು. ಮೊದಲ ದರ್ಜೆಯ ಲೈಸೆನ್ಸ್ ಇದ್ದವರೊಬ್ಬರು ಕೇಂದ್ರದಲ್ಲಿ ಇರಲೇಬೇಕೆಂಬುದು ಕಾನೂನು. ನೆಬ್ರಾಸ್ಕದ ಪಶ್ಚಿಮ ತುದಿಯ ಆ ಬೀಟ್‌ಗಡ್ಡೆಯ ಹೊಲಗಳ ನಡುವೆ ಅಂಥವರು ಯಾರೂ ನಿಲ್ಲುತ್ತಿರಲಿಲ್ಲ. ಬಂದವರು ಒಂದು ಚಳಿಗಾಲ ಕಳೆದು ದೊಡ್ಡ ಊರಿನ ದಾರಿ ಹಿಡಿಯುತ್ತಿದ್ದರು. ಪ್ರೂಯೆಟ್ ಅವಳ ಲೈಸೆನ್ಸಿಗೆ ಕಟ್ಟು ಹಾಕಿಸಿ ತಾನೇ ಗೋಡೆಗೆ ಮೊಳೆ ಹೊಡೆದ. ಅಂದಿನಿಂದ ಕಾಗದದ ಮೇಲೆ ಆರ್ಡಿಸ್ ಕೇಂದ್ರದ ಮುಖ್ಯ ಇಂಜಿನಿಯರ್ ಆದಳು.

ಕೆಲಸ ಮಾಡುತ್ತಿದ್ದವನು ಮಾತ್ರ ಗಾಟ್ಲೀಬ್ ಹೆಸ್ಲರ್.

ಊರಿಂದ ಆರು ಮೈಲಿ ಆಚೆ, ಹೊಲದ ನಡುವೆ ಇನ್ನೂರು ಅಡಿಯ ಗೋಪುರ. ಅದರ ಬುಡದಲ್ಲಿ ಒಂದೇ ಕೋಣೆಯ ಇಟ್ಟಿಗೆ ಕಟ್ಟಡ, ಅದರೊಳಗೆ ಟ್ರಾನ್ಸ್‌ಮಿಟರ್. ಇವೆಲ್ಲವನ್ನೂ ಹದಿನಾರು ವರ್ಷದ ಹಿಂದೆ ನಿಲ್ಲಿಸಿದವನು ಹೆಸ್ಲರ್. ರಷ್ಯಾದಿಂದ ಬಂದ ಜರ್ಮನ್ ಕುಟುಂಬದವನು. ಆರು ವರ್ಷಕ್ಕೇ ಬೀಟ್ ಹೊಲದಲ್ಲಿ ಮಂಡಿಯೂರಿ ಸಸಿ ಕಿತ್ತವನು. ಈಗ ಅರವತ್ತೊಂದು. ಬೆರಳುಗಳು ಬೇರಿನಂತೆ ಗಂಟುಗಂಟಾಗಿದ್ದರೂ ಕೂದಲಿನಷ್ಟು ಸಣ್ಣ ತಂತಿಯನ್ನು ಬೆಸೆಯುವಾಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಸ್ವಿಚ್ಚು ಹಾಕಿ ಮೀಟರ್ ನೋಡುವುದಕ್ಕೆ ಬೇಕಾದ ಚಿಕ್ಕ ಪರವಾನಗಿ ಅವನಿಗಿತ್ತು. ಅದಕ್ಕೆ ಅರ್ಜಿ ತುಂಬಿದರೆ ಸಾಕಿತ್ತು, ಹೆಂಡತಿ ಅಮಾಲಿಯಾ ತುಂಬಿ ಕೊಟ್ಟಿದ್ದಳು. ದೊಡ್ಡ ಪರೀಕ್ಷೆಗೆ ಯಾಕೆ ಕೂರಲಿಲ್ಲ ಎಂದು ಯಾರಾದರೂ ಕೇಳಿದರೆ, ತನ್ನ ಮೊಮ್ಮಗನ ವಯಸ್ಸಿನ ಹುಡುಗರಿಂದ ಅಂಕ ಹಾಕಿಸಿಕೊಳ್ಳುವ ಹಣೆಬರಹ ತನಗಿಲ್ಲ ಎನ್ನುತ್ತಿದ್ದ.

ಅವನು ಆರ್ಡಿಸ್‌ಗೆ ಕಲಿಸಿದ. ಇಷ್ಟವಿದ್ದು ಕಲಿಸಿದನೋ ಬೇರೆ ದಾರಿಯಿಲ್ಲದೆ ಕಲಿಸಿದನೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅವನ ಪಾಠ ಕೈ ಮೂಗಿನದು. ಅವಳ ಅಂಗೈಯನ್ನು ಟ್ರಾನ್ಸ್‌ಮಿಟರಿನ ಕಬ್ಬಿಣದ ಕವಚದ ಮೇಲೆ ಒತ್ತಿಸಿ, ಈ ನಡುಕ ಸರಿ, ಈ ನಡುಕ ಸರಿಯಲ್ಲ ಎನ್ನುತ್ತಿದ್ದ. ವಾರ್ನಿಷ್ ಕಾದ ವಾಸನೆ ಬಂದರೆ ಎಷ್ಟು ಹೊತ್ತಿನಲ್ಲಿ ಏನು ಸುಡುತ್ತದೆ ಎಂದು ಹೇಳುತ್ತಿದ್ದ. ಪುಸ್ತಕದಲ್ಲಿ ಓದಿದ್ದನ್ನು ಅವಳು ಬಾಯಿಬಿಟ್ಟರೆ ಮಾತ್ರ ಮೂಗು ಮುರಿಯುತ್ತಿದ್ದ.

"ನೋಡಿ ಇಂಜಿನಿಯರಮ್ಮ," ಎನ್ನುತ್ತಿದ್ದ, "ಪುಸ್ತಕದ ಬದನೆಕಾಯಿಯಿಂದ ಪಲ್ಯ ಆಗಲ್ಲ."

ಅವನಿಗೆ ಓದಲು ಬರುವುದಿಲ್ಲ ಎಂಬುದು ಆರ್ಡಿಸ್‌ಗೆ ಒಂದೇ ದಿನಕ್ಕೆ ಹೊಳೆದದ್ದಲ್ಲ. ದಿನಚರಿ ಪುಸ್ತಕದಲ್ಲಿ ಮೀಟರಿನ ಅಂಕಿಗಳನ್ನು ಅವನು ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ, ಸಹಿಯನ್ನೂ ಹಾಕುತ್ತಿದ್ದ. ಆದರೆ ಮಾತಿನಲ್ಲಿ ಬರೆಯಬೇಕಾದ ಅಂಕಣ ಯಾವಾಗಲೂ ಖಾಲಿ. ಕಾಗದ ಬಂದಾಗ ಕನ್ನಡಕ ಮನೆಯಲ್ಲಿ ಉಳಿದಿರುತ್ತಿತ್ತು. ಒಮ್ಮೆ ಹನ್ನೊಂದು ಪೆಟ್ಟಿಗೆ ಬಿಡಿಭಾಗ ಬಂದವು, ಒಳಗೇನಿದೆಯೆಂದು ಪ್ರತಿಯೊಂದರ ಮೇಲೂ ಅಚ್ಚಾಗಿತ್ತು. ತನಗೆ ಬೇಕಾದ ಒಂದು ವಾಲ್ವಿಗಾಗಿ ಅವನು ಹನ್ನೊಂದನ್ನೂ ಒಡೆದು ನೋಡಿದ. ಆಮೇಲೆ ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ ಅವಳ ಮನೆಗೆ ಫೋನ್ ಮಾಡಿದ. ವಿದ್ಯುತ್ ಕಂಪನಿಯವರು ಬಾಗಿಲಿಗೆ ಏನೋ ಕಾಗದ ಸಿಕ್ಕಿಸಿ ಹೋಗಿದ್ದಾರೆ, ಕನ್ನಡಕ ಒಡೆದಿದೆ, ಬಂದು ನೋಡಿ ಎಂದ. ಹೋಗಿ ನೋಡಿದರೆ ಕನ್ನಡಕ ಅವನ ಜೇಬಿನಲ್ಲಿ ಇಡಿಯಾಗಿಯೇ ಇತ್ತು, ಅದರ ಕಡ್ಡಿ ಹೊರಗೆ ಇಣುಕುತ್ತಿತ್ತು. ಆರ್ಡಿಸ್ ಅದನ್ನು ನೋಡದವಳಂತೆ ಕಾಗದ ಓದಿ ಹೇಳಿದಳು. ಅವನು ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡ.

ಅವಳು ಯಾರಿಗೂ ಹೇಳಲಿಲ್ಲ. ಅದರಲ್ಲಿ ಕನಿಕರವಿತ್ತು. ಅವನ ಗುಟ್ಟೊಂದು ತನ್ನ ಕೈಯಲ್ಲಿದೆ ಎಂಬ ಸಣ್ಣ ಸುಖವೂ ಇತ್ತು.

ಟ್ರಾನ್ಸ್‌ಮಿಟರ್ ಎಂದರೆ ಎರಡು ಬೀರುಗಳಷ್ಟು ದೊಡ್ಡ ಕಬ್ಬಿಣದ ಗೂಡು. ಅದರ ಹಿಂಬಾಗಿಲು ತೆರೆದ ಕೂಡಲೇ ಚೌಕಟ್ಟಿನಲ್ಲಿರುವ ಸ್ವಿಚ್ಚೊಂದು ಒಳಗಿನ ಮೂರು ಸಾವಿರ ವೋಲ್ಟನ್ನು ತಾನಾಗಿಯೇ ಕಡಿದುಹಾಕುತ್ತಿತ್ತು. ಅದರ ಮೇಲೂ, ಒಳಗೆ ಕೈಯಿಡುವ ಮುನ್ನ, ಉಳಿದ ವಿದ್ಯುತ್ತು ಭೂಮಿಗೆ ಇಳಿದುಹೋಗಲೆಂದು, ನೆಲಕ್ಕೆ ತಂತಿ ಜೋಡಿಸಿದ ಕೊಕ್ಕೆಯ ಕೋಲನ್ನು ತಗುಲಿಸಬೇಕು. ಆರ್ಡಿಸ್ ಮರೆತರೆ ಹೆಸ್ಲರ್ ಅವಳ ಮಣಿಕಟ್ಟಿಗೆ ಹೊಡೆಯುತ್ತಿದ್ದ. ತಾನು ಮಾತ್ರ ಕೋಲು ಮುಟ್ಟುತ್ತಿರಲಿಲ್ಲ. ಈ ಬಾಗಿಲನ್ನು ಕೂರಿಸಿದವನೇ ನಾನು, ಅದು ನನಗೆ ಮೋಸ ಮಾಡಲ್ಲ ಎನ್ನುತ್ತಿದ್ದ.

1963ರ ಜನವರಿಯಲ್ಲಿ ಆ ಸ್ವಿಚ್ಚು ಸಡಿಲವಾಯಿತು. ಬಾಗಿಲು ಮುಚ್ಚಿದ್ದರೂ ಗೂಡಿನ ನಡುಕಕ್ಕೆ ಅದು ತೆರೆದುಕೊಳ್ಳುತ್ತಿತ್ತು, ಕೇಂದ್ರ ಒಮ್ಮೆಗೇ ಮೂಕವಾಗುತ್ತಿತ್ತು. ಹೊಸದು ತರಿಸಿ ಎಂದು ಆರ್ಡಿಸ್ ಪ್ರೂಯೆಟ್‌ಗೆ ಎರಡು ಸಲ ಹೇಳಿದಳು. ಮುಂದಿನ ತಿಂಗಳು ನೋಡೋಣ ಎಂದ.

ಫೆಬ್ರವರಿಯ ಎರಡನೆಯ ಮಂಗಳವಾರ ಪ್ರೂಯೆಟ್ ಊರಿನ ನಾಲ್ಕು ವರ್ತಕರನ್ನು ಕೇಂದ್ರ ತೋರಿಸಲು ಕರೆತಂದ. ಅವರಲ್ಲೊಬ್ಬ ಗೋಡೆಯ ಮೇಲಿನ ಲೈಸೆನ್ಸ್ ಓದಿ, ಈ ಚಿಕ್ಕ ಹುಡುಗಿಯೇ ಇಂಜಿನಿಯರಾ ಎಂದು ಹುಬ್ಬೇರಿಸಿದ. ಹೆಸ್ಲರ್ ಕೈಯೊರೆಸುವ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು ಹೇಳಿದ:

"ಕಾಗದ ಅವಳದು, ಕೆಲಸ ನಂದು. ಗಿಣಿಪಾಠ ಒಪ್ಪಿಸಿ ತಂದದ್ದು ಅದು. ಆ ಕಾಗದದ ಬದಲು ಅವಳನ್ನೇ ಮೊಳೆಗೆ ನೇತುಹಾಕಿದ್ರೂ ಕೇಂದ್ರ ಹಿಂಗೇ ನಡೀತಿತ್ತು."

ನಾಲ್ವರೂ ನಕ್ಕರು. ಪ್ರೂಯೆಟ್ ಎಲ್ಲರಿಗಿಂತ ಜೋರಾಗಿ ನಕ್ಕ. ಆರ್ಡಿಸ್ ಕೂಡ ಹುಳ್ಳಗೆ ನಕ್ಕಳು. ಆಮೇಲೆ ಅಪ್ಪನ ಹಳೆಯ ಟ್ರಕ್ಕಿನಲ್ಲಿ ಕುಳಿತು, ಕಿಟಕಿಯ ಗಾಜು ಮಂಜಾಗುವ ತನಕ ಅತ್ತಳು.

ಗುರುವಾರ ಶಾಲೆಗಳ ಬ್ಯಾಸ್ಕೆಟ್‌ಬಾಲ್ ಪಂದ್ಯವಿತ್ತು. ಮಧ್ಯಾಹ್ನವೆಲ್ಲ ಅದರ ನೇರ ಪ್ರಸಾರ. ಊರಿನ ಸ್ಟುಡಿಯೊದಲ್ಲಿ ಉದ್ಘೋಷಕ ವೆಂಡೆಲ್ ಇದ್ದ, ಟ್ರಾನ್ಸ್‌ಮಿಟರ್ ಬಳಿ ಆರ್ಡಿಸ್ ಒಬ್ಬಳೇ. ಹೆಸ್ಲರ್‌ನ ಪಾಳಿ ಮರುದಿನ ಬೆಳಿಗ್ಗೆ. ಮೊದಲ ಅರ್ಧ ಗಂಟೆಯಲ್ಲೇ ಕೇಂದ್ರ ಮೂರು ಸಲ ಸತ್ತಿತು. ಮೂರನೆಯ ಸಲ ಪ್ರೂಯೆಟ್ ಫೋನಿನಲ್ಲಿ ಕೂಗಾಡಿದ. ಜಾಹೀರಾತು ಕೊಟ್ಟವರು ತನ್ನ ಜೀವ ಹಿಂಡುತ್ತಿದ್ದಾರೆ, ಏನಾದರೂ ಮಾಡು, ಇನ್ನೊಂದು ಸಲ ನಿಂತರೆ ನೀನೂ ನಿಲ್ಲಬೇಕಾಗುತ್ತದೆ ಎಂದ.

ಆರ್ಡಿಸ್ ತುದಿಗಳಲ್ಲಿ ಚಿಮಟವಿದ್ದ ಒಂದು ತುಂಡು ತಂತಿ ತೆಗೆದುಕೊಂಡಳು. ಅದನ್ನು ಸ್ವಿಚ್ಚಿನ ಎರಡು ತಲೆಗಳಿಗೆ ಕಚ್ಚಿಸಿದಳು. ಇನ್ನು ಬಾಗಿಲು ತೆರೆದಿದ್ದರೂ ಮುಚ್ಚಿದ್ದರೂ ಟ್ರಾನ್ಸ್‌ಮಿಟರ್‌ಗೆ ಒಂದೇ. ಪಂದ್ಯ ಕೊನೆಯವರೆಗೂ ಸರಾಗವಾಗಿ ಹರಿಯಿತು.

ಹೊತ್ತು ಮುಳುಗುವಾಗ ಕೇಂದ್ರ ಮುಚ್ಚುವುದು ವಾಡಿಕೆ, ಅವರಿಗಿದ್ದದ್ದು ಹಗಲಿನ ಪ್ರಸಾರದ ಅನುಮತಿ ಮಾತ್ರ. ಐದೂವರೆಗೆ ಎಲ್ಲ ಆರಿಸಿ ಆರ್ಡಿಸ್ ದಿನಚರಿಯಲ್ಲಿ ನಡೆದದ್ದನ್ನೆಲ್ಲ ಬರೆದಳು. ತಂತಿ ಬಿಚ್ಚಿದರೆ ಬೆಳಿಗ್ಗೆ ಮತ್ತೆ ಅದೇ ರಗಳೆ, ಹಾಗಾಗಿ ಬಿಟ್ಟಳು. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: "ಬಾಗಿಲ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಕರೆಂಟ್ ಆರಿಸದೆ ಬಾಗಿಲು ತೆರೆಯಬೇಡಿ." ಅದನ್ನು ಹಿಂಬಾಗಿಲಿಗೆ, ಕಣ್ಣಿನ ಮಟ್ಟಕ್ಕೆ ಅಂಟಿಸಿದಳು.

ಅಂಟಿಸಿದ ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಯಾರು ಓದಬೇಕಾದ ಚೀಟಿ ಇದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಫೋನ್ ನಾಲ್ಕು ಹೆಜ್ಜೆಯ ದೂರದಲ್ಲಿತ್ತು, ಹೆಸ್ಲರ್‌ನ ಮನೆಯ ನಂಬರು ಬಾಯಿಗೆ ಬರುತ್ತಿತ್ತು. ಮಂಗಳವಾರದ ನಗು ಅವಳ ಕಿವಿಯಲ್ಲಿ ಇನ್ನೂ ಇಂಗಿರಲಿಲ್ಲ. ಬೆಳಿಗ್ಗೆ ಬರಲಿ, ಚೀಟಿ ನೋಡಲಿ, ಗಿಣಿಗೇ ಫೋನ್ ಮಾಡಲಿ. ಇದರಲ್ಲಿ ಏನು ಬರೆದಿದೆ ಎಂದು ಅವನ ಬಾಯಿಂದಲೇ ಕೇಳಲಿ ಎಂದುಕೊಂಡಳು. ಬೀಗ ಹಾಕಿಕೊಂಡು ಮನೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಓಟ್ಸ್ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಫೋನಿಗಾಗಿ ಕಾಯುತ್ತ ಕುಳಿತಳು. ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಏಳಕ್ಕೆ ಸರಿಯಾಗಿ ಕೇಂದ್ರ ಶುರುವಾಯಿತು. ವೆಂಡೆಲ್ ದನಗಳ ಧಾರಣೆ ಓದಿದ, ಹವಾಮಾನ ಓದಿದ. ಫೋನ್ ಬರಲಿಲ್ಲ. ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು. ಏಳೂ ಇಪ್ಪತ್ತಕ್ಕೆ, ವೆಂಡೆಲ್ ಯಾವುದೋ ಚರ್ಚಿನ ಊಟದ ಪ್ರಕಟಣೆ ಓದುತ್ತಿದ್ದಾಗ, ಅವನ ಮಾತು ನಡುವೆಯೇ ತುಂಡಾಯಿತು. ರೇಡಿಯೊದಲ್ಲಿ ಬರೀ ಗೊರಗೊರ.

ಒಲೆಯ ಬಳಿಯಿದ್ದ ತಾಯಿ, ನಿಮ್ಮ ಕೇಂದ್ರ ಮತ್ತೆ ಹೋಯ್ತಾ ಎಂದಳು. ಆರ್ಡಿಸ್ ಆಗಲೇ ಟ್ರಕ್ಕಿನ ಬೀಗದ ಕೈ ಹುಡುಕುತ್ತಿದ್ದಳು.

ಅವಳು ಹೋಗಿ ತಲುಪಿದಾಗ ಟ್ರಾನ್ಸ್‌ಮಿಟರಿನ ಹಿಂಬಾಗಿಲು ತೆರೆದಿತ್ತು. ಹೆಸ್ಲರ್ ಅದರ ಮುಂದೆ ಒಂದು ಮಗ್ಗುಲಾಗಿ ಬಿದ್ದಿದ್ದ, ಬಲಗೈ ಇನ್ನೂ ಒಳಗೇ ಇತ್ತು. ಒಳಗೆ ಎಲ್ಲೋ ಕಿಡಿ ಹಾರಿರಬೇಕು, ಇಣುಕಿ ನೋಡಲು ಹೋಗಿರಬೇಕು. ಆರ್ಡಿಸ್ ಮೊದಲು ಗೋಡೆಯ ದೊಡ್ಡ ಸ್ವಿಚ್ಚನ್ನು ಎಳೆದಳು, ಕೊಕ್ಕೆಯ ಕೋಲು ತಗುಲಿಸಿದಳು, ಆಮೇಲಷ್ಟೇ ಅವನನ್ನು ಮುಟ್ಟಿದಳು. ಅವನೇ ಕಲಿಸಿದ ಕ್ರಮ ಅದು. ಕೋಣೆಯಲ್ಲಿ ಸುಟ್ಟ ವಾರ್ನಿಷ್‌ನ ವಾಸನೆಯಲ್ಲದ ಬೇರೊಂದು ವಾಸನೆಯಿತ್ತು. ಚೀಟಿ ಬಾಗಿಲ ಮೇಲೆ ಹಾಗೇ ಇತ್ತು, ಒಂದು ಮೂಲೆಯೂ ಮಡಚಿರಲಿಲ್ಲ.

ಪ್ರೂಯೆಟ್ ಬಂದಾಗ ಅವನ ಮುಖ ಸುಣ್ಣದಂತೆ ಬಿಳುಪಾಗಿತ್ತು. ಚೀಟಿಯನ್ನು ಎರಡು ಸಲ ಓದಿದ. ಓದುತ್ತ ಓದುತ್ತ ಅವನ ಭುಜಗಳು ಇಳಿದವು.

"ನೀನು ಬರೆದಿಟ್ಟಿದ್ದೆ," ಎಂದ. "ದೇವರು ದೊಡ್ಡವನು. ಅದನ್ನ ಮುಟ್ಟಬೇಡ, ಯಾರೂ ಮುಟ್ಟೋದು ಬೇಡ."

ಪೊಲೀಸ್ ಮುಖ್ಯಸ್ಥ ಶೆರಿಫ್‌ನ ಕಡೆಯವರು ಚೀಟಿಯ ಫೋಟೊ ತೆಗೆದರು. ಊರೆಲ್ಲ ಆರ್ಡಿಸ್‌ನ ಬೆನ್ನು ತಟ್ಟಿತು. ಪಾಪ, ಹುಡುಗಿ ಮಾಡಬೇಕಾದ್ದನ್ನೆಲ್ಲ ಮಾಡಿದ್ದಳು, ಮುದುಕನ ಮೊಂಡುತನ ಅವನನ್ನು ತಿಂದಿತು ಎಂದರು. ಶವಸಂಸ್ಕಾರದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಅಮಾಲಿಯಾ ಹೆಸ್ಲರ್ ತಾನಾಗಿ ಅವಳ ಬಳಿ ಬಂದಳು. ಕುಳ್ಳಗೆ ದಪ್ಪಗಿನ ಹೆಂಗಸು, ತಲೆಗೆ ಕಪ್ಪು ವಸ್ತ್ರ. ಎಲೆಕೋಸು ಮಾಂಸ ತುಂಬಿದ ಬನ್ನೊಂದನ್ನು ಅವಳ ತಟ್ಟೆಗೆ ಹಾಕಿ, ನಿನ್ನ ಕೈ ಚೆನ್ನಾಗಿದೆ ಅಂತ ಅವರು ಹೇಳುತ್ತಿದ್ದರು, ಮುಖದೆದುರು ಹೇಳಿರಲಿಕ್ಕಿಲ್ಲ ಎಂದಳು. ಆರ್ಡಿಸ್ ಬನ್ನನ್ನು ಮುಟ್ಟದೆ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಕೋಟನ್ನೂ ತೊಡದೆ ಹಿಮದಲ್ಲಿ ಹೊರಟುಹೋದಳು.

ವಿಮೆಯವರು ವಿಧವೆಗೆ ಪರಿಹಾರ ಕೊಡಲು ಒಪ್ಪಲಿಲ್ಲ. ಬರಹದಲ್ಲಿ ಎಚ್ಚರಿಕೆ ಕೊಟ್ಟಿದ್ದರೂ ಬೇಕೆಂದೇ ಮೀರಿದ್ದಾನೆ, ತಪ್ಪು ಅವನದೇ ಎಂದರು. ಏಪ್ರಿಲಿನಲ್ಲಿ ಕೌಂಟಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಅಮಾಲಿಯಾಳ ವಕೀಲ ಮೊದಲು ಅವಳನ್ನೇ ಕರೆದ. ಗಂಡನ ಕಣ್ಣು ಹೇಗಿತ್ತು, ಓದುವ ಅಭ್ಯಾಸವಿತ್ತೇ ಎಂದು ಕೇಳಿದ. ಅವನಿಗೆ ಏನೋ ಸುಳಿವು ಸಿಕ್ಕಿದ್ದಿರಬೇಕು, ಅವಳ ಬಾಯಿಂದ ಅದನ್ನು ಹೊರಡಿಸಬೇಕೆಂದಿದ್ದ.

ಅಮಾಲಿಯಾ ನೆಟ್ಟಗೆ ಕುಳಿತು ಹೇಳಿದಳು: "ದಿನಾ ಸಂಜೆ ಬೈಬಲ್ ಓದೋರು. ಒಂದು ದಿನಾನೂ ತಪ್ಪಿಸಿದ್ದಿಲ್ಲ."

ವಕೀಲ ಕಾಗದಗಳತ್ತ ತಲೆ ತಗ್ಗಿಸಿದ. ವಿಮೆಯ ಕಡೆಯ ವಕೀಲನಿಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ. ಅವನು ಆರ್ಡಿಸ್‌ಳನ್ನು ಕರೆಸಿ, ಚೀಟಿ ನೀವೇ ಬರೆದದ್ದೇ, ಸ್ಪಷ್ಟವಾಗಿತ್ತೇ, ಯಾರಿಗಾದರೂ ಕಾಣುವಂತೆ ಅಂಟಿಸಿದ್ದಿರೇ ಎಂದು ಕೇಳಿದ. ಎಲ್ಲದಕ್ಕೂ ಅವಳು ಹೌದು ಎಂದಳು. ಅಲ್ಲಿಗೆ ಮುಗಿದುಹೋಗಬೇಕಿತ್ತು. ಎರಡನೆಯ ಸಾಲಿನಲ್ಲಿ ಪ್ರೂಯೆಟ್ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ.

"ಆದ್ರೆ ಅವರಿಗೆ ಓದೋಕೆ ಬರ್ತಿರಲಿಲ್ಲ," ಎಂದಳು ಆರ್ಡಿಸ್.

ನ್ಯಾಯಾಧೀಶ ಅವಳನ್ನು ಇನ್ನೊಮ್ಮೆ ಹೇಳಿಸಿದ. ಅವಳು ಖಾಲಿ ಅಂಕಣದ ವಿಷಯ ಹೇಳಿದಳು, ಹನ್ನೊಂದು ಪೆಟ್ಟಿಗೆಯ ವಿಷಯ, ಜೇಬಿನಲ್ಲಿದ್ದ ಕನ್ನಡಕದ ವಿಷಯ. ಸ್ವಿಚ್ಚು ತರಿಸಲು ಎರಡು ಸಲ ಕೇಳಿದ್ದನ್ನೂ, ಪಂದ್ಯದ ದಿನ ಫೋನಿನಲ್ಲಿ ಬಂದ ಮಾತನ್ನೂ ಹೇಳಿದಳು. ಪ್ರೂಯೆಟ್ ಕಾಲು ಕೆಳಗಿಳಿಸಿದ. ಅಮಾಲಿಯಾ ತಲೆವಸ್ತ್ರದ ಅಂಚನ್ನು ಹಣೆಯ ಮೇಲೆ ಎಳೆದುಕೊಂಡಳು. ಅಳಲಿಲ್ಲ.

ಓದಲು ಬಾರದವನೆಂದು ಗೊತ್ತಿದ್ದೂ ಚೀಟಿ ಯಾಕೆ ಬರೆದಿರಿ, ಫೋನ್ ಯಾಕೆ ಮಾಡಲಿಲ್ಲ ಎಂದು ವಿಮೆಯ ವಕೀಲ ಕೇಳಿದ. ಅವರೇ ಫೋನ್ ಮಾಡುತ್ತಾರೆ ಅಂದುಕೊಂಡೆ ಎಂದಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ತೀರ್ಪು ವಿಧವೆಯ ಕಡೆಗಾಯಿತು. ಪ್ರೂಯೆಟ್ ಅದೇ ಸಂಜೆ ಆರ್ಡಿಸ್‌ಳನ್ನು ಕೆಲಸದಿಂದ ತೆಗೆದ. ರಕ್ಷಣೆಯ ಸ್ವಿಚ್ಚನ್ನು ನಿಷ್ಕ್ರಿಯಗೊಳಿಸಿದ್ದಕ್ಕೆ ಆರು ತಿಂಗಳು ಲೈಸೆನ್ಸ್ ಅಮಾನತು ಎಂದು ವಾಷಿಂಗ್‌ಟನ್‌ನ ರೇಡಿಯೊ ಇಲಾಖೆಯಿಂದ ಕಾಗದ ಬಂತು. ಊರು ಮಾತ್ರ ಬೇರೆಯದನ್ನೇ ಹಿಡಿದುಕೊಂಡಿತು. ಕ್ಷೌರದಂಗಡಿಯಲ್ಲಿ, ಧಾನ್ಯದ ಮಳಿಗೆಯಲ್ಲಿ, ಹೆಸ್ಲರ್ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂರುತ್ತಿದ್ದನಂತೆ ಎಂದು ಕಥೆ ಕಟ್ಟಿ ನಕ್ಕರು. ಅವನು ರಿಪೇರಿ ಮಾಡಿಕೊಟ್ಟ ರೇಡಿಯೊ ಇಲ್ಲದ ಮನೆ ಆ ಊರಿನಲ್ಲಿರಲಿಲ್ಲ. ನಕ್ಕವರ ಮನೆಯಲ್ಲೂ ಇದ್ದವು.

ಮೇ ತಿಂಗಳ ಒಂದು ಮಧ್ಯಾಹ್ನ ಆರ್ಡಿಸ್ ಅಮಾಲಿಯಾಳ ಮನೆಗೆ ಹೋದಳು. ಅವಳು ಹಿತ್ತಲಲ್ಲಿ ಆಲೂಗಡ್ಡೆ ನೆಡುತ್ತಿದ್ದಳು. ಬಂದವಳನ್ನು ನೋಡಿದಳು, ಕುಳಿತುಕೋ ಎನ್ನಲಿಲ್ಲ, ಕೆಲಸ ನಿಲ್ಲಿಸಲೂ ಇಲ್ಲ.

"ಐವತ್ತು ವರ್ಷ ಅವರು ಮುಚ್ಚಿಟ್ಕೊಂಡು ಬಂದ್ರು," ಎಂದಳು ಕೊನೆಗೆ. "ಮೂವತ್ನಾಕು ವರ್ಷ ನಾನು ಮುಚ್ಚಿಟ್ಟೆ. ನಾನೇ ಬೈಬಲ್ ಓದಿ ಹೇಳ್ತಿದ್ದೆ, ಅವರು ಬಾಯಿಪಾಠ ಮಾಡ್ಕೋತಿದ್ರು. ನಮ್ಮ ಮಗಳಿಗೂ ಗೊತ್ತಿರಲಿಲ್ಲ. ಕೋರ್ಟಲ್ಲಿ ನಾನು ದೇವರ ಮೇಲೆ ಆಣೆ ಇಟ್ಟು ಸುಳ್ಳು ಹೇಳ್ದೆ. ಆ ಸುಳ್ಳನ್ನೂ ನೀನು ಉಳಿಸ್ಲಿಲ್ಲ."

"ನಿಮಗೆ ಪರಿಹಾರ ಸಿಗಲಿ ಅಂತ, ಮಿಸೆಸ್ ಹೆಸ್ಲರ್."

"ನಾನು ನಿನ್ನ ಕೇಳಿದ್ನಾ?"

ಆರ್ಡಿಸ್ ಸಾಲಿನ ಆಚೆ ಬದಿಯಲ್ಲೇ ನಿಂತಳು. ದಾರಿಯುದ್ದಕ್ಕೂ ಅವಳು ಬೇರೆ ಮಾತು ಜೋಡಿಸಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಇದು:

"ಅವತ್ತು ನಾನು ಫೋನ್ ಮಾಡಬಹುದಿತ್ತು. ಬೇಕಂತಲೇ ಮಾಡಲಿಲ್ಲ. ಅವರು ಎಲ್ಲರ ಮುಂದೆ ನನ್ನ ಗಿಣಿ ಅಂದಿದ್ರು. ಆ ಚೀಟೀಲಿ ಏನಿದೆ ಅಂತ ನನ್ನ ಬಂದು ಕೇಳ್ಲಿ, ಒಂದ್ಸಲ ಅವರೂ ತಲೆ ತಗ್ಗಿಸ್ಲಿ ಅಂತ ಇತ್ತು ನನಗೆ. ಅಷ್ಟೇ. ಬೇರೇನೂ ಇರಲಿಲ್ಲ."

ಅಮಾಲಿಯಾ ಬುಟ್ಟಿಯಿಂದ ಒಂದು ಗಡ್ಡೆ ತೆಗೆದು, ಮೊಳಕೆ ಮೇಲೆ ಬರುವಂತೆ ಕುಣಿಯಲ್ಲಿಟ್ಟು ಮಣ್ಣು ಎಳೆದಳು. ಇನ್ನೊಂದು ಇಟ್ಟಳು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡಳು.

"ಅವರಿಗೂ ಹಾಗೇ ಸಿಟ್ಟು," ಎಂದಳು. "ಬಂತು ಅಂದ್ರೆ ವಾರಗಟ್ಟಲೆ ನನ್ನ ಹತ್ರ ಮಾತು ಬಿಡೋರು. ಆದ್ರೆ ಯಾರನ್ನೂ ಸಾಯಿಸಿರಲಿಲ್ಲ." ಆ ಗಡ್ಡೆಯನ್ನೂ ಕುಣಿಗೆ ಒತ್ತಿ, "ಹೋಗು. ಇನ್ನು ಈ ಕಡೆ ಬರಬೇಡ," ಎಂದಳು.

ಬೇಸಗೆಯೆಲ್ಲ ಆರ್ಡಿಸ್ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಟೈಪ್ ಮಾಡಿದಳು. ಯಾರಾದರೂ ರೇಡಿಯೊ ಹಾಕಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ನವೆಂಬರಿನಲ್ಲಿ ಲೈಸೆನ್ಸ್ ಮರಳಿ ಬಂತು. ಅದನ್ನು ತಾಯಿಗೆ ತೋರಿಸದೆ ಪೆಟ್ಟಿಗೆಯ ತಳದಲ್ಲಿಟ್ಟಳು. ಅದಾದ ಹತ್ತು ದಿನಕ್ಕೆ ವೆಂಡೆಲ್ ಮನೆಗೆ ಬಂದ. ಪ್ರೂಯೆಟ್ ತಂದ ಹೊಸ ಇಂಜಿನಿಯರ್ ಕುಡುಕ, ಓಡಿಹೋದ, ಇನ್ನು ವಾರದಲ್ಲಿ ಲೈಸೆನ್ಸ್ ಇದ್ದವರು ಸಿಗದಿದ್ದರೆ ಕೇಂದ್ರ ಮುಚ್ಚಬೇಕು ಎಂದ. ಪ್ರೂಯೆಟ್ ತಾನಾಗಿ ಬಂದು ಕೇಳುವವನಲ್ಲ, ಆದರೆ ನೀನು ಬಂದರೆ ಬೇಡ ಎನ್ನುವ ಸ್ಥಿತಿಯಲ್ಲೂ ಅವನಿಲ್ಲ ಎಂದ.

ಬೇರೆ ಊರಿನ ಮೂರು ಕೇಂದ್ರಗಳಿಗೆ ಅವಳು ಆಗಲೇ ಬರೆದಿದ್ದಳು. ಹೆಣ್ಣು ಎಂದು ಇಬ್ಬರು ಬೇಡವೆಂದಿದ್ದರು, ಅಮಾನತಿನ ವಿಷಯ ಕೇಳಿ ಮೂರನೆಯವರು. ಟೈಪಿಂಗ್ ಬಿಟ್ಟರೆ ಅವಳಿಗೆ ಬರುತ್ತಿದ್ದ ಕೆಲಸ ಅದೊಂದೇ, ಅದನ್ನು ಕಲಿಸಿದವನು ಒಬ್ಬನೇ. ಎರಡು ದಿನ ಯೋಚಿಸಿದಳು. ಮೂರನೆಯ ದಿನ ಹೊಲದ ನಡುವಿನ ಆ ಕೋಣೆಗೆ ಹೋದಳು. ಬಾಗಿಲಿಗೆ ಹೊಸ ಸ್ವಿಚ್ಚು ಬಂದಿತ್ತು. ಹೆಸ್ಲರ್ ಬಿದ್ದಿದ್ದ ಜಾಗವನ್ನು ಯಾರೋ ಬೂದು ಬಣ್ಣ ಬಳಿದು ಮುಚ್ಚಿದ್ದರು. ಪ್ರೂಯೆಟ್ ಬೆಳಗಿನ ಪಾಳಿ ನಿನ್ನದೇ ಎಂದ, ಅವಳ ಮುಖ ನೋಡಲಿಲ್ಲ.

ಆ ಚಳಿಗಾಲವೆಲ್ಲ ದಿನವೂ ಬೆಳಗಾಗುವ ಮುನ್ನ ಅವಳ ಟ್ರಕ್ಕು ಹೆಸ್ಲರ್‌ನ ಮನೆಯ ಮುಂದೆಯೇ ಹಾದು ಹೋಗುತ್ತಿತ್ತು. ಬೇರೆ ದಾರಿ ಇರಲಿಲ್ಲ. ಅಡುಗೆಮನೆಯ ದೀಪ ಉರಿಯುತ್ತಿರುತ್ತಿತ್ತು. ಅಮಾಲಿಯಾ ಕೇಂದ್ರವನ್ನು ಕೇಳುತ್ತಿದ್ದಳೋ ಇಲ್ಲವೋ ಆರ್ಡಿಸ್ ಯಾರನ್ನೂ ವಿಚಾರಿಸಲಿಲ್ಲ.

ಮಾರ್ಚಿನಲ್ಲಿ ಆ ಮನೆ ಮಾರಾಟವಾಯಿತು. ಅಮಾಲಿಯಾ ಲಿಂಕನ್‌ನಲ್ಲಿದ್ದ ಮಗಳ ಮನೆಗೆ ಹೊರಟಳು. ಸಾಮಾನು ಹೇರುವ ದಿನ ಆರ್ಡಿಸ್ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದಳು, ಆಗಷ್ಟೇ ಮೂಡಣ ಬಿಳುಪೇರುತ್ತಿತ್ತು. ಇಬ್ಬರು ಆಳುಗಳು ಮಂಚವೊಂದನ್ನು ಲಾರಿಗೆ ಏರಿಸುತ್ತಿದ್ದರು. ಅಮಾಲಿಯಾ ಕೋಟು ತೊಟ್ಟು ರಸ್ತೆಯ ಅಂಚಿನಲ್ಲೇ ನಿಂತಿದ್ದಳು. ಆರ್ಡಿಸ್ ಟ್ರಕ್ಕಿನ ವೇಗ ತಗ್ಗಿಸಿದಳು. ನಿಲ್ಲಿಸಬೇಕೋ ಬೇಡವೋ ತಿಳಿಯದೆ ಹತ್ತು ಗಜ ಆಮೆಯ ಹಾಗೆ ಸಾಗಿದಳು. ಅಮಾಲಿಯಾ ಟ್ರಕ್ಕನ್ನು ಗುರುತಿಸಿದಳು, ಒಳಗಿದ್ದವಳನ್ನೂ ಗುರುತಿಸಿದಳು. ಆಮೇಲೆ ತಿರುಗಿ, ಮಂಚದ ಕಾಲು ಬಾಗಿಲಿಗೆ ತಗಲೀತು, ಸ್ವಲ್ಪ ಎತ್ತಿ ಹಿಡೀರಪ್ಪ ಎಂದು ಆಳುಗಳಿಗೆ ಹೇಳಿದಳು.